ಶೇಷಣ್ಣನ ಒಡೆಯದ ಸಂಖ್ಯೆ

ಸುಣ್ಣದ ಪುಡಿ ಮಾರುವವನ ಮುಖ ಸದಾ ಬೆಳ್ಳಗೇ ಇರುತ್ತದೆ. ನನ್ನದು ಕಪ್ಪಿಟ್ಟದ್ದು ಒಂದೇ ಸಲ, ಅದೂ ಒಂದು ಭಾಗಾಕಾರದ ದೆಸೆಯಿಂದ. ನಾನು ಯಾರಿಗೂ ಟೋಪಿ ಹಾಕಿರಲಿಲ್ಲ, ಕಳ್ಳ ತೂಕ ಕೊಟ್ಟಿರಲಿಲ್ಲ. ಗೊತ್ತಿದ್ದ ಒಂದು ಮಾತನ್ನು ಹೇಳದೆ ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ. ಮಾರುಕಟ್ಟೆಯಲ್ಲಿ ಇದಕ್ಕೆ ಜಾಣತನ ಎನ್ನುತ್ತಾರೆ. ಇದೇ ಜಾಣತನದಿಂದ ನಾನು ಎರಡು ಗೋದಾಮು ಕಟ್ಟಿಸಿದ್ದೇನೆ. ಆದರೆ ಶೇಷಣ್ಣನ ಕಿಟಕಿಯ ಮುಂದೆ ನಿಂತಾಗ ಇವತ್ತಿಗೂ ನನ್ನ ಕಣ್ಣು ನೆಲ ನೋಡುತ್ತದೆ.

ಶೇಷಣ್ಣ ವೇಬ್ರಿಡ್ಜಿನವನು. ಗೋದಾಮುಗಳ ಸಾಲು ಮುಗಿಯುವಲ್ಲಿ, ಲಾರಿಯನ್ನು ಸರಕಿನ ಸಮೇತ ಹತ್ತಿಸಿ ತೂಗುವ ದೊಡ್ಡ ಕಬ್ಬಿಣದ ಹಾಸು. ಅದರ ಪಕ್ಕಕ್ಕೆ ಎಂಟಡಿ ಅಗಲ ಹತ್ತಡಿ ಉದ್ದದ ಒಂದು ಕೋಣೆ. ಕೋಣೆಯಲ್ಲಿ ಮೇಜು, ಕೆಂಪು ಅಂಕಿ ತೋರಿಸುವ ಪೆಟ್ಟಿಗೆ, ಚೀಟಿ ಮುದ್ರಿಸುವ ಯಂತ್ರ, ಮತ್ತೆ ಶೇಷಣ್ಣ. ತುಂಬಿದ ಗಾಡಿ ಹತ್ತುತ್ತದೆ, ಇಳಿಯುತ್ತದೆ. ಖಾಲಿ ಗಾಡಿ ಹತ್ತುತ್ತದೆ, ಇಳಿಯುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಸರಕಿನ ತೂಕ. ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಇದಿಷ್ಟೇ. ಆದರೆ ಅವನಷ್ಟು ನಿಧಾನವಾಗಿ ಇದನ್ನು ಮಾಡುವವನು ಇನ್ನೊಬ್ಬನಿಲ್ಲ. ಹಿಂದೆ ನಾಲ್ಕು ಲಾರಿ ಹಾರ್ನ್ ಹೊಡೆಯುತ್ತಿದ್ದರೂ ಕಿಟಕಿಯಿಂದ ಕೈ ಮಾತ್ರ ಹೊರಗೆ ಚಾಚಿ, "ತಡೀರಪ್ಪ, ಗಾಡಿ ಇನ್ನೂ ಉಸಿರಾಡ್ತಾ ಇದೆ. ಅಂಕಿ ಕೂತ್ಕೊಳ್ಲಿ" ಎನ್ನುತ್ತಾನೆ. ಕಿವಿಯ ಮೇಲೆ ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್. ಒಂದು ತುದಿ ಕಂಪನಿಗೆ, ಒಂದು ತುದಿ ತನಗೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಅದು ನಿಜವೇ ಆಗಿತ್ತು.

ಶೇಷಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನ ಅಕ್ಕನ ಗಂಡ ಇಟ್ಟದ್ದು. ಆ ಭಾವ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಬಂದು ಕೂತಾಗ, ಹದಿನಾರು ವರ್ಷದ ಭಾಮೈದನನ್ನು ಎಲ್ಲರ ಮುಂದೆ ಕರೆದು, ನೂರನ್ನು ಏಳರಿಂದ ಭಾಗಿಸು ಎಂದರಂತೆ. ಇವನು ಹೆದರಿಕೆಯಲ್ಲಿ ಭಾಗಲಬ್ಧ ಹದಿಮೂರು, ಶೇಷ ಒಂಬತ್ತು ಎಂದು ಬರೆದ. ಮೇಷ್ಟರು ಆ ಕಾಗದವನ್ನು ಎತ್ತಿ ಹಿಡಿದು, "ನೋಡಿ, ಏಳರಿಂದ ಭಾಗಿಸಿ ಒಂಬತ್ತು ಉಳಿಸಿದ್ದಾನೆ. ಅಳೆಯೋ ಪಾವಿಗಿಂತ ಮಿಕ್ಕಿದ ಕಾಳೇ ಜಾಸ್ತಿ. ಇವನು ಬರೀ ಶೇಷಣ್ಣ" ಎಂದರು. ಮನೆಯೆಲ್ಲ ನಕ್ಕಿತು. "ಅಮ್ಮನೂ ನಕ್ಕಳು ಸಾಹುಕಾರ್ರೇ" ಎಂದು ಅವನು ನನಗೆ ಹೇಳಿದ್ದು ನಲವತ್ತೆರಡು ವರ್ಷದ ಮೇಲೆ. ದನಿಯಲ್ಲಿ ದೂರೇನೂ ಇರಲಿಲ್ಲ, ಚೀಟಿಯ ಮೇಲಿನ ತೂಕ ಓದಿದ ಹಾಗಿತ್ತು. ಹೆಸರು ನೆಂಟರ ಬಾಯಿಂದ ಬೀದಿಗೆ ಬಂತು, ಬೀದಿಯಿಂದ ವೇಬ್ರಿಡ್ಜಿಗೆ ಬಂತು. ಈಗ ಅವನ ನಿಜವಾದ ಹೆಸರು ಹಿಡಿದು ಕರೆದರೆ ಅವನೇ ಹಿಂತಿರುಗಿ ನೋಡುವುದಿಲ್ಲ.

ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಒಂದು ದಿನ ಮಧ್ಯಾಹ್ನ, ಊಟದ ಹೊತ್ತಿಗೆ ಗಾಡಿಗಳಿಲ್ಲದ ಸಮಯ, ಅವನು ಒಂದು ಉದ್ದ ನೋಟ್‌ಬುಕ್ಕಿನ ಮೇಲೆ ಬಗ್ಗಿದ್ದ. ಪುಟದ ನೆತ್ತಿಯ ಮೇಲೆ ದಪ್ಪಗೆ 3637307 ಎಂದು ಬರೆದಿತ್ತು.

"ಇದೇನಯ್ಯಾ ಶೇಷಣ್ಣ, ಯಾರ ಫೋನ್ ನಂಬರು?"

"ಅಲ್ಲ ಸಾಹುಕಾರ್ರೇ. ನಮ್ಮ ತೂಕದ ಹಾಸಿನ ಮೇಲೆ ತಗಡು ಹೊಡೆದಿದಾರಲ್ಲ, ಅದರ ಮೇಲಿನ ನಂಬರು. ದಿನಾ ಬೆಳಿಗ್ಗೆ ಒರೆಸ್ತೀನಿ, ನಿಮ್ಮ ಸುಣ್ಣಾನೇ ಕೂತಿರುತ್ತೆ. ಇಷ್ಟು ವರ್ಷ ಒರೆಸಿದೀನಿ, ಇದು ಒಡೆಯುತ್ತಾ ಇಲ್ವಾ ನೋಡೋಣ ಅಂತ."

"ಸುತ್ತಿಗೆ ತರ್ಲಾ?"

ಅವನು ನಗಲಿಲ್ಲ. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ. "ಹನ್ನೆರಡು ಒಡೆಯುತ್ತೆ, ಮೂರನ್ನ ನಾಲ್ಕು ಸಲ ಇಟ್ರೆ ಹನ್ನೆರಡು. ಹದಿಮೂರು ಒಡೆಯಲ್ಲ, ಏನೇ ಮಾಡಿದ್ರೂ ಏನೋ ಒಂದು ಮಿಗುತ್ತೆ. ಅಂಥದಕ್ಕೆ ಅವಿಭಾಜ್ಯ ಅಂತಾರೆ, ನಮ್ಮ ಭಾವನ ಹಳೇ ಪುಸ್ತಕದಲ್ಲಿದೆ. ಮೂವತ್ತಾರು ಲಕ್ಷದ ಮೂವತ್ತೇಳು ಸಾವಿರದ ಮುನ್ನೂರ ಏಳು ಹದಿಮೂರರ ಜಾತಿಯೋ ಹನ್ನೆರಡರ ಜಾತಿಯೋ, ಅದೇ ಪ್ರಶ್ನೆ."

"ಫೋನಲ್ಲಿ ಒತ್ತು, ಒಂದು ನಿಮಿಷದಲ್ಲಿ ಹೇಳುತ್ತೆ."

"ಫೋನು ಹೇಳಿದ್ರೆ ಫೋನಿಗೆ ಗೊತ್ತಾಯ್ತು. ನನಗೇನು ಗೊತ್ತಾಯ್ತು?"

 ಅವನ ಹತ್ತಿರ ಕೆಲಸದ ಕ್ರಮವೇ ಸಿದ್ಧವಿತ್ತು. ಒಡೆಯದ ಸಂಖ್ಯೆಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಎರಡರಿಂದ ಹೋಗದ್ದು ನಾಲ್ಕರಿಂದಲೂ ಹೋಗುವುದಿಲ್ಲ, ಆರರಿಂದಲೂ ಹೋಗುವುದಿಲ್ಲ. ಅದೂ 1907ರವರೆಗೆ ಸಾಕು. ಎರಡು ಸಂಖ್ಯೆ ಗುಣಿಸಿ ಇದು ಬರಬೇಕಾದರೆ ಎರಡೂ 1907ನ್ನು ಮೀರಿದ್ದರೆ ಗುಣಲಬ್ಧ ಇದನ್ನು ದಾಟಿ ಹೋಗುತ್ತದೆ. ಹಾಗಾಗಿ ಒಂದಾದರೂ 1907ರ ಒಳಗೆ ಸಿಗಲೇಬೇಕು. 1907ರವರೆಗೆ ಒಡೆಯದ ಸಂಖ್ಯೆಗಳು ಇನ್ನೂರ ತೊಂಬತ್ತೆರಡು. ದಿನಕ್ಕೆ ಒಂದು ಭಾಗಾಕಾರ, ಊಟದ ಹೊತ್ತಿನಲ್ಲಿ, ಪೆನ್ಸಿಲಿನಲ್ಲಿ. ಭಾಗಿಸಿದ ಮೇಲೆ ಗುಣಿಸಿ ತಾಳೆ ನೋಡುವುದು. ಕೆಲಸದ ದಿನಗಳನ್ನೇ ಲೆಕ್ಕ ಹಿಡಿದರೆ ಹತ್ತಿರ ಹತ್ತಿರ ಒಂದು ವರ್ಷ.

ಆ ದಿನ ಅವನು ಐದನೆಯದನ್ನು ಮುಗಿಸಿದ್ದ. ಎರಡರಿಂದ ಭಾಗಿಸಿದರೆ ಒಂದು ಮಿಕ್ಕಿತ್ತು. ಮೂರಕ್ಕೆ ಎರಡು, ಐದಕ್ಕೆ ಎರಡು, ಏಳಕ್ಕೂ ಎರಡು, ಹನ್ನೊಂದಕ್ಕೆ ಮೂರು.

"ಒಡೆಯದೇ ಇದ್ರೆ ಏನ್ ಮಾಡ್ತೀಯ?" ಎಂದು ಕೇಳಿದೆ.

"ಭಾವನ್ನ ಇಲ್ಲಿಗೆ ಕರೀತೀನಿ. ನೋಡಿ ಸರಿ ಇದೆ ಅನ್ಲಿ. ಒಂದ್ಸಲ ಅಂದ್ರೆ ಸಾಕು."

"ನಲವತ್ತು ವರ್ಷದ ಮೇಲೆ ಅವರಿಗೆ ನೆನಪಿರುತ್ತಾ ಮಾರಾಯ?"

"ಅವರಿಗೆ ನೆನಪಿಲ್ದೇ ಇರ್ಬಹುದು" ಎಂದ, ಪೆನ್ಸಿಲ್ ಕಿವಿಗೆ ಸಿಕ್ಕಿಸುತ್ತಾ.

ಅಲ್ಲಿಂದ ನನಗೂ ಇದೊಂದು ವಾರದ ಮನರಂಜನೆಯಾಯಿತು. ಹೋದ ಕೂಡಲೇ "ಇವತ್ತೆಷ್ಟು ಮಿಕ್ತು?" ಎನ್ನುವುದು, ಅವನು ಹೇಳುವುದು. ಲಾರಿಯವರಿಗೂ ಚಟ ಹತ್ತಿತು. ದಪ್ಪ ಮೀಸೆಯ ಒಬ್ಬ ಡ್ರೈವರಂತೂ ಗಾಡಿಯ ತೂಕಕ್ಕಿಂತ ಮೊದಲು ಶೇಷ ಕೇಳುತ್ತಿದ್ದ. ಶೇಷಣ್ಣನ ಹೆಂಡತಿ ಒಮ್ಮೆ ಊಟದ ಡಬ್ಬಿ ತಂದವರು, "ಮನೇಲಿ ಅಕ್ಕಿ ಎಷ್ಟು ಮಿಕ್ಕಿದೆ ಅಂತ ಇವ್ರು ಒಂದಿನ ಕೇಳಿದ್ದಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದರು. ಆದರೂ ಡಬ್ಬಿಯ ಕೆಳಗೆ ಕಾಗದದಲ್ಲಿ ಮಡಚಿಟ್ಟ ಹೊಸ ರಬ್ಬರು ಇತ್ತು.

ಅವನು ನಲವತ್ತೇಳನೆಯ ಸಂಖ್ಯೆಗೆ, ಅಂದರೆ 211ಕ್ಕೆ ಬಂದಿದ್ದ ದಿನ ನನಗೆ ತನ್ನ ಪೂರ್ತಿ ಪಟ್ಟಿ ತೋರಿಸಿದ. ಎರಡು ಸಾವಿರದವರೆಗಿನ ಒಡೆಯದ ಸಂಖ್ಯೆಗಳು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಮುನ್ನೂರ ಮೂರು. ಭಾವನ ಪುಸ್ತಕದ ಕೊನೆಯಲ್ಲಿ ಎರಡು ಸಾವಿರದೊಳಗೆ ಮುನ್ನೂರ ಮೂರಿವೆ ಎಂದು ಅಚ್ಚಾಗಿದೆಯಂತೆ. ಯಾವುವು ಎಂದು ಇಲ್ಲ, ಎಷ್ಟು ಎಂದು ಮಾತ್ರ. "ಎಣಿಸಿದೆ, ಸರಿಯಾಗಿ ಕೂತಿತು" ಎಂದ. ನಾನು ಸುಮ್ಮನೆ ಕಣ್ಣಾಡಿಸುತ್ತಿದ್ದೆ. 1319, 1321, ಆಮೇಲೆ 1333, ಆಮೇಲೆ 1361.

ಬೇರೆ ಯಾರೇ ಆಗಿದ್ದರೂ ಮುಂದೆ ಹೋಗುತ್ತಿದ್ದರು. ನಾನು ನಿಂತೆ. ಯಾಕೆಂದರೆ ನನ್ನ ಚೀಲ ಸರಕು ಸಮೇತ ನಲವತ್ತಮೂರು ಕಿಲೋ, ನನ್ನ ಸಣ್ಣ ಗಾಡಿ ಹಿಡಿಯುವುದು ಮೂವತ್ತೊಂದು ಚೀಲ, ಮೂವತ್ತೊಂದು ನಲವತ್ತಮೂರಲ 1333. ಹನ್ನೊಂದು ವರ್ಷದಿಂದ ಈ ಅಂಕಿ ನನ್ನ ಚೀಟಿಯ ಮೇಲೆ ಬರುತ್ತಿದೆ, ಶೇಷಣ್ಣನ ಕೈಯಿಂದಲೇ. ಮೂವತ್ತೊಂದರಿಂದ ಒಡೆಯುವ ಸಂಖ್ಯೆ ಒಡೆಯದವರ ಸಾಲಿನಲ್ಲಿ ಸಾಧು ವೇಷ ಹಾಕಿಕೊಂಡು ಕೂತಿತ್ತು.

ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಒಂದು ಹೆಚ್ಚಿಗೆ ಬಂದರೆ ನಷ್ಟವೇನು, ಒಂದು ಭಾಗಾಕಾರ ದಂಡ, ಅಷ್ಟೇ ತಾನೇ ಎಂದುಕೊಂಡೆ. ಗಾಡಿ ಇಳಿಸಿ ಮನೆಯ ದಾರಿ ಹಿಡಿದಾಗ ಹೊಳೆಯಿತು: ಕಳ್ಳನೊಬ್ಬ ಒಳಗೆ ಬಂದೂ ತಲೆಯೆಣಿಕೆ ಮುನ್ನೂರ ಮೂರೇ ಇದ್ದರೆ, ಮನೆಯವನೊಬ್ಬ ಹೊರಗೆ ಹೋಗಿರಲೇಬೇಕು.

ಮುಂದಿನ ವಾರ, "ಪಟ್ಟಿ ಹೇಗೆ ತೆಗೆದೆ ತೋರ್ಸು" ಎಂದೆ. ಅವನು ಸಂತೋಷದಿಂದ ಹಳೆ ಹಾಳೆಗಳ ಕಟ್ಟು ಬಿಚ್ಚಿದ. ಸಾಲಿಗೆ ಆರರಂತೆ ಸಂಖ್ಯೆಗಳನ್ನು ಬರೆದು, ಹಾಳೆಗೆ ಮೂವತ್ತೇಳು ಸಾಲು. ಎರಡರ ಮಡಿಗಳನ್ನು ಹೊಡೆದುಹಾಕುವುದು, ಮೂರರವನ್ನು ಹೊಡೆದುಹಾಕುವುದು, ಐದರವು, ಏಳರವು, ಹೀಗೆ. ಏಳರವು ನಲವತ್ತೊಂಬತ್ತರಿಂದ, ನಲವತ್ತಮೂರರವು 1849ರಿಂದ ಶುರು, ಅದಕ್ಕಿಂತ ಕೆಳಗಿನವು ಚಿಕ್ಕ ಸಂಖ್ಯೆಗಳ ಸರದಿಯಲ್ಲೇ ಏಟು ತಿಂದಿರುತ್ತವೆ. ಕೊನೆಗೆ ಹೊಡೆತ ತಿನ್ನದೆ ಉಳಿದವು ಒಡೆಯದವು. ಆರನೆಯ ಹಾಳೆ 1332ಕ್ಕೆ ಮುಗಿಯುತ್ತಿತ್ತು. ಏಳನೆಯ ಹಾಳೆಯ ಮೊದಲ ಮನೆಯಲ್ಲಿ 1333, ಮೈಮೇಲೆ ಒಂದು ಗೀರಿಲ್ಲ. ಆರನೆಯ ಹಾಳೆಯ ಕೊನೆಯ ಸಾಲಿನ ಮೊದಲ ಮನೆಯಲ್ಲಿ 1327, ಅದರ ಮೇಲೆ ಅಡ್ಡಗೀಟು. ಮೂವತ್ತೊಂದರ ಮಡಿಗಳನ್ನು ಹೊಡೆಯುತ್ತಿದ್ದಾಗ ಹಾಳೆ ಮಗುಚಬೇಕಾದ ಜಾಗದಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆದಿರಬೇಕು. ಮೇಲಿನ ಹಾಳೆಯ ಬುಡದಲ್ಲಿದ್ದ ಪಾಪದ್ದಕ್ಕೆ ಏಟು ಬಿದ್ದಿತ್ತು, ಕೆಳಗಿನ ಹಾಳೆಯ ತಲೆಯಲ್ಲಿದ್ದ ಅಪರಾಧಿ ತಪ್ಪಿಸಿಕೊಂಡಿತ್ತು.

ಅಂಗಡಿಗೆ ಬಂದು ಕ್ಯಾಲ್ಕುಲೇಟರಿನಲ್ಲಿ 3637307ನ್ನು 1327ರಿಂದ ಭಾಗಿಸಿದೆ. 2741 ಎಂದು ಬಂತು. ಚುಕ್ಕಿಯಿಲ್ಲ, ಬಾಲವಿಲ್ಲ. ಇನ್ನೂರ ತೊಂಬತ್ತೆರಡರಲ್ಲಿ ಅವನು ಕೈಬಿಟ್ಟದ್ದು ಒಂದೇ, ಆ ಒಂದರಿಂದಲೇ ಅವನ ಸಂಖ್ಯೆ ಒಡೆಯುತ್ತಿತ್ತು. ಇಂಥ ದುರದೃಷ್ಟವನ್ನು ಬೇಕೆಂದು ಹುಡುಕಿದರೂ ಸಿಗುವುದಿಲ್ಲ. ನಾನು ಕುರ್ಚಿಗೊರಗಿ ನಕ್ಕೆ. ಒಬ್ಬನೇ ಕೂತು ನಕ್ಕೆ ಎಂದು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ತಕ್ಷಣ, "ನಾಳೆ ಬೆಳಿಗ್ಗೇನೇ ಫೋನ್ ಮಾಡಿ ಹೇಳ್ಬಿಡಿ. ಇನ್ನೂ ಎಷ್ಟು ದಿನದ ಕೆಲಸ ಇದೆ ಅವರಿಗೆ?" ಎಂದಳು.

"ಇನ್ನೂರ ನಲವತ್ತು ದಿನ."

"ರೀ, ಪಾಪ ಬರುತ್ತೆ ನಿಮಗೆ."

"ಹೇಳ್ತೀನಿ ಬಿಡೇ. ಸರಕು ಎಲ್ಲಿಗೂ ಓಡಿಹೋಗಲ್ಲ."

ಆ ವಾರ ಹೋದಾಗ ಸುತ್ತ ಜನವಿದ್ದರು, ಎಲ್ಲರೆದುರು ಹೇಳಿದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ. ಅದರ ಮುಂದಿನ ವಾರ ಯಾರೂ ಇರಲಿಲ್ಲ. ಅವನು ಎಷ್ಟು ಹುರುಪಿನಲ್ಲಿದ್ದನೆಂದರೆ ಹುರುಪು ಕೆಡಿಸುವುದು ಯಾಕೆಂದು ಸುಮ್ಮನಾದೆ. ಮೂರನೆಯ ವಾರ ನೆಪವೂ ಬೇಕಾಗಲಿಲ್ಲ. ಬೇರೆಯವರಿಗೆ ಗೊತ್ತಿಲ್ಲದ್ದು ನಮಗೊಬ್ಬರಿಗೇ ಗೊತ್ತಿದ್ದರೆ ಅದಕ್ಕೊಂದು ರುಚಿಯಿರುತ್ತದೆ. ವ್ಯಾಪಾರಿಗೆ ಆ ರುಚಿ ಹತ್ತಿದರೆ ಬಿಡುವುದು ಕಷ್ಟ. "ಇವತ್ತೆಷ್ಟು ಮಿಕ್ತು ಶೇಷಣ್ಣ?" ಎಂದು ಮೊದಲಿಗಿಂತ ಜೋರಾಗಿಯೇ ಕೇಳುತ್ತಿದ್ದೆ. ಕೇಳಿ ಒಳಗೊಳಗೇ ಚಪ್ಪರಿಸುತ್ತಿದ್ದೆ. ಹೆಂಡತಿ ಎರಡು ಮೂರು ಸಲ ವಿಚಾರಿಸಿದಳು. ಹೇಳಿದೆ ಎಂದು ಸುಳ್ಳು ಹೇಳಿದೆ.

ತಿಂಗಳುಗಳು ಕಳೆದವು. ಒಂದು ವಾರ ಹೋದಾಗ ಅವನು 1301ರಲ್ಲಿದ್ದ. ನಾನು ಬೆರಳೆಣಿಸಿದೆ: ಇನ್ನು ಐದು ದಿನಕ್ಕೆ 1333ರ ಸರದಿ. ಆ ದಿನ ನನ್ನ ಗಾಡಿಯ ದಿನವಲ್ಲ. ಆದರೂ ಮೂವತ್ತೊಂದು ಚೀಲ ಹೇರಿಸಿಕೊಂಡು ಸರಿಯಾಗಿ ಊಟದ ಹೊತ್ತಿಗೆ ಹೋದೆ. ಅವನಿಗೆ ಹೊಳೆಯುತ್ತದೋ ಇಲ್ಲವೋ ಎಂದು ನೋಡುವ ಹುಚ್ಚು. ಹೊಳೆದರೆ ನನ್ನ ಹೊಣೆ ಕಳೆಯಿತು, ಹೊಳೆಯದಿದ್ದರೆ ತಮಾಷೆ ಉಳಿಯಿತು. ಎರಡು ಕಡೆಯೂ ಲಾಭವಿರುವ ವ್ಯವಹಾರ.

ಅವನು ಗಾಡಿ ತೂಗಿ, ಖಾಲಿ ತೂಕ ಕಳೆದು, ಚೀಟಿ ಹರಿದು ಕೈಗೆ ಕೊಟ್ಟವನು ಮತ್ತೆ ಇಸಿದುಕೊಂಡ. ಚೀಟಿಯನ್ನೂ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟ. 

"ಸಾಹುಕಾರ್ರೇ, ನೋಡಿ ಇಲ್ಲಿ. ನಿಮ್ಮ ತೂಕ 1333. ನನ್ನ ಇವತ್ತಿನ ಸಂಖ್ಯೇನೂ 1333."

"ಹೌದಲ್ವಾ" ಎಂದೆ.

"ಬೆಳಿಗ್ಗೆಯಿಂದ ಕೈ ಓಡ್ತಾ ಇರ್ಲಿಲ್ಲ. ಬಿಟ್ಬಿಡೋಣ ಅನ್ನಿಸಿತ್ತು. ನೀವು ಬಂದ್ರಿ, ಜೊತೆಗೆ ಇದೂ ಬಂತು. ಇನ್ನು ಬಿಡಲ್ಲ ಬಿಡಿ." ಅವನು ಎದ್ದು ಹೊರಗೆ ಹೋಗಿ, ಎದುರಿನ ಗಾಡಿಯಂಗಡಿಯಿಂದ ಎರಡು ಟೀ ತಂದ. ಇಪ್ಪತ್ತೆರಡು ವರ್ಷದಲ್ಲಿ ಶೇಷಣ್ಣ ಯಾರಿಗೂ ಟೀ ತರಿಸಿದವನಲ್ಲ, ಕುಡಿಸಿದವನಲ್ಲ. ನನ್ನ ಕಣ್ಣೆದುರೇ ಭಾಗಿಸಿದ: 2728 ಸಲ ಹೋಗಿ 883 ಮಿಕ್ಕಿತು. ಗುಣಿಸಿ ತಾಳೆ ನೋಡಿದ. ಎಲ್ಲವೂ ಸರಿಯಾಗಿತ್ತು, ಸಂಖ್ಯೆಯೊಂದು ಬಿಟ್ಟು.

ನಾನು ಟೀ ಕುಡಿದೆ. ಸಕ್ಕರೆ ಜಾಸ್ತಿಯಾಗಿದೆ ಎಂದೂ ಹೇಳಿದೆ.

ಇನ್ನು ಮೂರು ತಿಂಗಳಿಗೆ ಕೊನೆಯ ದಿನ ಬಂತು. ಕೋಣೆಯನ್ನು ಗುಡಿಸಿ ಒರೆಸಿದ್ದರು. ಶೇಷಣ್ಣನ ಅಂಗಿಗೆ ಇಸ್ತ್ರಿಯಾಗಿತ್ತು. ಅವನ ಹೆಂಡತಿ ಮನೆಯಿಂದ ಒಳ್ಳೆಯ ಕುರ್ಚಿಯೊಂದನ್ನು ಹೊರಿಸಿ ತಂದಿದ್ದರು. ಅದರ ಮೇಲೆ ಭಾವ ಕೂತರು. ಬಿಳಿ ಅಂಗಿ, ಎದೆಜೇಬಿನಲ್ಲಿ ಕೆಂಪು ಪೆನ್ನು. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಆ ಪೆನ್ನಿಗೆ ನಿವೃತ್ತಿ ಆಗಿರಲಿಲ್ಲ. ಬಾಗಿಲಲ್ಲಿ ಮೀಸೆಯ ಡ್ರೈವರೂ ಇನ್ನಿಬ್ಬರೂ. ಮೂಲೆಯ ಬೆಂಚಿನಲ್ಲಿ ನಾನು. ಒಂಬತ್ತು ತಿಂಗಳಿಂದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವನು ನಾನೊಬ್ಬನೇ.

"ಏನೋ ಶೇಷಣ್ಣ, ಈ ವಯಸ್ಸಲ್ಲಿ ಪರೀಕ್ಷೆಗೆ ಕೂತಿದ್ದೀಯಂತೆ" ಎಂದರು ಭಾವ.

"ಕೊನೇದೊಂದು ಉಳಿದಿದೆ ಭಾವ. ನಿಮ್ಮೆದುರಿಗೇ ಮಾಡ್ತೀನಿ."

 1907ರಿಂದ ಭಾಗಿಸಿದ. ಹೋದದ್ದೂ 1907 ಸಲ, ಮಿಕ್ಕಿದ್ದು 658. "ಭಾಜಕವೂ ಭಾಗಲಬ್ಧವೂ ಒಂದೇ ಆಯ್ತು, ಇನ್ನು ಮುಂದೆ ಹೋಗೋ ಹಾಗಿಲ್ಲ" ಎಂದ. ಭಾವ ಕನ್ನಡಕ ಏರಿಸಿ ಆ ಒಂದು ಭಾಗಾಕಾರವನ್ನು ಸಾಲು ಸಾಲಾಗಿ ನೋಡಿದರು. ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಹೆಬ್ಬೆರಳಿಂದ ಸರ್ರನೆ ಹಾರಿಸಿದರು.

"ಪಟ್ಟಿ ಎಣಿಸಿದ್ದೀಯಾ?"

"ಎಣಿಸಿದ್ದೀನಿ. ನಿಮ್ಮ ಪುಸ್ತಕದಲ್ಲಿರೋ ಹಾಗೇ ಮುನ್ನೂರ ಮೂರು."

ಭಾವ ಪೆನ್ನು ತೆಗೆದು ಪುಟದ ಕೆಳಗೆ ದೊಡ್ಡದಾಗಿ ಸರಿ ಗುರುತು ಹಾಕಿದರು. "ಸರಿ ಇದೆ ಕಣೋ" ಎಂದರು. "ಇದು ಅವಿಭಾಜ್ಯವೇ. ನಾನು ಅಂದುಕೊಂಡಿರಲಿಲ್ಲ."

 ಶೇಷಣ್ಣ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಲು ಹೋದ, ಅದು ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಳ್ಳಲೂ ಇಲ್ಲ. ಅವನ ಹೆಂಡತಿ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತೇ ಇದ್ದರು.

ಆ ಹೊತ್ತಿನಲ್ಲಿ ಬಿಸ್ಕತ್ತು ತಿಂದು ಕೈ ಒರೆಸಿಕೊಂಡು ಹೊರಟಿದ್ದರೆ ನಾನು ಇವತ್ತು ಒಳ್ಳೆಯವನು. ಯಾಕೆ ಹೊರಡಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಸತ್ಯಕ್ಕಾಗಿ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ಸತ್ಯಕ್ಕೆ ಒಂಬತ್ತು ತಿಂಗಳು ಕಾಲಾವಕಾಶವಿತ್ತು. ನಿಜವೇನೆಂದರೆ ಅಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

"ಮೇಷ್ಟ್ರೇ" ಎಂದೆ, "ಒಂದ್ಸಲ 1327ರಿಂದ ಭಾಗಿಸಿ ನೋಡಿ. 2741 ಸಲ ಹೋಗುತ್ತೆ. ಮಿಗೋದೇನೂ ಇಲ್ಲ."

ಭಾವ ನೆಲದಿಂದ ಪೆನ್ಸಿಲ್ ಎತ್ತಿಕೊಂಡು ಭಾಗಿಸಿದರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಕಾಣೆ. ಹೊರಗೆ ನಿಂತಿದ್ದ ಲಾರಿಯ ಎಂಜಿನ್ ಒಂದೇ ಕೇಳಿಸುತ್ತಿತ್ತು. ಕೊನೆಯ ಸಾಲಿನಲ್ಲಿ ಸೊನ್ನೆ ಬಂತು. ಮೀಸೆಯವನು ನಕ್ಕ. ಅವನು ನಕ್ಕದ್ದಕ್ಕೆ ಇನ್ನಿಬ್ಬರೂ ನಕ್ಕರು. ಭಾವ ತಾವು ಹಾಕಿದ ಕೆಂಪು ಗುರುತನ್ನೇ ನೋಡುತ್ತಿದ್ದವರು, ಆ ನಗು ತಮ್ಮ ಮೇಲೆ ತಿರುಗುವ ಮೊದಲೇ ಎದ್ದು ನಿಂತರು. "ನಲವತ್ತು ವರ್ಷದ ಹಿಂದೇನೇ ಹೇಳಿದ್ದೆ ನಾನು. ನನ್ನನ್ನ ಬಸ್ಸು ಹತ್ತಿಸಿ ಕರೆಸಿಕೊಂಡಿದ್ದು ಇದಕ್ಕಾ?" ಎಂದು ಕೊಡೆ ತೆಗೆದುಕೊಂಡು ಹೋದರು. ಶೇಷಣ್ಣನ ಹೆಂಡತಿ ಅವರ ಹಿಂದೆ ನಾಲ್ಕು ಹೆಜ್ಜೆ ಓಡಿ, ನಿಂತು, ತಟ್ಟೆ ಸಮೇತ ವಾಪಸು ಬಂದರು.

ನಾನು ಅವನು ಬಯ್ಯಲಿ ಎಂದು ಕಾದೆ. ಅವನು ಹಳೆಯ ಹಾಳೆಗಳ ಕಟ್ಟು ಬಿಚ್ಚಿ, ಆರನೆಯದನ್ನೂ ಏಳನೆಯದನ್ನೂ ಒಟ್ಟಿಗೆ ಹಿಡಿದು ನೋಡಿದ. ಆ ಅಡ್ಡಗೀಟಿನ ಮೇಲೆ ಬೆರಳಾಡಿಸಿದ.

"ಇದು ನಿಮಗೆ ಯಾವಾಗ ಗೊತ್ತಾಯ್ತು ಸಾಹುಕಾರ್ರೇ?"

"ಈಗ್ತಾನೇ. ಪಟ್ಟಿ ನೋಡ್ತಾ ಇದ್ದೆನಲ್ಲ, ಆಗ."

"2741 ಅಂತ ಬಾಯಲ್ಲೇ ಹೇಳಿದ್ರಲ್ಲ."

 ಏಳಂಕಿಯ ಸಂಖ್ಯೆಯನ್ನು ಮನಸ್ಸಿನಲ್ಲೇ ಭಾಗಿಸುವಷ್ಟು ನಾನು ಬುದ್ಧಿವಂತನಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಮೀಸೆಯ ಡ್ರೈವರ್ ನಗು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಆವತ್ತು ಟೀ ಕುಡಿದ್ರಲ್ಲ. ಆವತ್ತು ಗೊತ್ತಿತ್ತಾ?" ಎಂದ ಶೇಷಣ್ಣ.

"ಗೊತ್ತಿತ್ತು."

ಅವನು ತಲೆಯಾಡಿಸಿದ. "ಹಿಂದೆ ಗಾಡಿ ನಿಂತಿದೆ. ನಿಮ್ಮದು ತೆಗೆದ್ರೆ ಅದನ್ನ ಹತ್ತಿಸ್ಬಹುದು" ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಒಂದಕ್ಕೊಂದು ಮಾಡಿ ಮುಗಿಸಿಬಿಡುತ್ತಿದ್ದೆ.

ಅಲ್ಲಿಂದ ಎರಡು ತಿಂಗಳು ನಾನು ಊರ ಇನ್ನೊಂದು ತುದಿಯ ವೇಬ್ರಿಡ್ಜಿಗೆ ಹೋದೆ, ಒಂಬತ್ತು ಕಿಲೋಮೀಟರ್ ಸುತ್ತು. ಶೇಷಣ್ಣನ ಯಂತ್ರ ಸ್ವಲ್ಪ ಹೆಚ್ಚುಕಡಿಮೆ ತೋರಿಸುತ್ತಿದೆ ಎಂದು ಗುಮಾಸ್ತನಿಗೆ ಹೇಳಿದೆ. ನೋಡಿ, ಒಂದು ನಾಚಿಕೆಗೆಟ್ಟ ಕೆಲಸ ಮುಚ್ಚಲು ಇನ್ನೊಂದು. ಇಪ್ಪತ್ತೆರಡು ವರ್ಷ ಒಂದು ಕಿಲೋ ಆಚೀಚೆ ಆಗದ ತೂಕ ಅದು. ವಿಷಯ ಹೆಂಡತಿಗೆ ಮೀಸೆಯ ಡ್ರೈವರನ ಮೂಲಕ ತಲುಪಿತು. ಅವಳು ಜಗಳವಾಡಲಿಲ್ಲ. ಊಟಕ್ಕೆ ಬಡಿಸುತ್ತಾ, "ಅವರಿಗೆ ಹೇಳಿದೆ ಅಂದಿದ್ರಲ್ಲ ನನಗೆ" ಎಂದು ಒಂದೇ ಮಾತು ಅಂದಳು. 

ಮಾರನೆಯ ದಿನ ಹೋದೆ. ನನ್ನ ಗಾಡಿ ಹಾಸು ಹತ್ತಿತು. ಕಿಟಕಿಯಿಂದ ಕೈ ಹೊರಗೆ ಬಂತು, ಅಂಕಿ ಕೂತಿತು, ಚೀಟಿ ಬಂತು. ನಾನು ಒಳಗೆ ಹೋಗಿ ಬಾಗಿಲ ಹತ್ತಿರವೇ ನಿಂತೆ.

"ಶೇಷಣ್ಣ, ತಪ್ಪಾಯ್ತು."

"ಹೂಂ" ಎಂದ. ಬೆಂಚಿನ ಕಡೆ ಕೈ ತೋರಿಸಿ, "ಕೂತ್ಕೊಳ್ಳಿ" ಎಂದ.

ಮೇಜಿನ ಮೇಲೆ ಅದೇ ನೋಟ್‌ಬುಕ್ ಇತ್ತು. ಕೊನೆಯ ಪುಟದ ಕೆಂಪು ಗುರುತಿನ ಮೇಲೆ ಅದೇ ಕೆಂಪಿನಲ್ಲಿ ಅಡ್ಡಗೀಟು ಎಳೆದು, ಪಕ್ಕದಲ್ಲಿ ಭಾವ ಸಹಿ ಹಾಕಿದ್ದರು. "ನಾನೇ ಅಂಚೇಲಿ ಕಳಿಸಿದೆ. ತಪ್ಪಿಗೆ ಹಾಕಿದ ಗುರುತು ಇರಬಾರದು, ಹೊಡೆದುಹಾಕಿ ಅಂತ ಬರೆದೆ. ಹೊಡೆದು ಕಳಿಸಿದ್ರು" ಎಂದ. "ಜೊತೆಗೆ ಹೊಸ ಲೆಕ್ಕಾನೂ ಇಟ್ಟಿದ್ದೆ. ಅದರ ಬಗ್ಗೆ ಒಂದಕ್ಷರ ಬರೆದಿಲ್ಲ."

"ಯಾವ ಹೊಸ ಲೆಕ್ಕ?"

ಪುಟ ಮಗುಚಿದ. ಒಡೆದ ಮೇಲೆ ಆ ಎರಡು ತುಂಡುಗಳು ಏನು ಎಂದು ನೋಡಿದ್ದ. 1327ನ್ನು ಮೂವತ್ತೊಂದರವರೆಗಿನ ಹನ್ನೊಂದು ಸಂಖ್ಯೆಗಳಿಂದ, 2741ನ್ನು ನಲವತ್ತೇಳರವರೆಗಿನ ಹದಿನೈದು ಸಂಖ್ಯೆಗಳಿಂದ. ಒಟ್ಟು ಇಪ್ಪತ್ತಾರು ಭಾಗಾಕಾರ, ಯಾವುದರಲ್ಲೂ ಸೊನ್ನೆಯಿಲ್ಲ. "ಎರಡೂ ಒಡೆಯಲ್ಲ. ಅಂದ್ರೆ 3637307ನ್ನ ಸರಿಯಾಗಿ ಭಾಗಿಸೋದು ನಾಲ್ಕೇ. ಒಂದು, 1327, 2741, ಮತ್ತೆ ಅದೇ. ಐದನೇದಿಲ್ಲ. ಅದರ ಹೊಟ್ಟೇಲಿ ಇನ್ನು ನನಗೆ ಗೊತ್ತಿಲ್ದೇ ಇರೋದು ಏನೂ ಇಲ್ಲ." ಅಷ್ಟು ಹೇಳಿ ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದ. "ಆದ್ರೆ ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ. ಇನ್ನೊಬ್ರು ಮಾಡಿ ನೋಡ್ಬೇಕು. ಭಾವ ಮಾಡಲ್ಲ. ನೀವು ಮಾಡಿ."

"ನಾನಾ?"

"ತಪ್ಪಿದ್ರೆ ನಿಮ್ಮ ಕಣ್ಣಿಗೆ ಬೀಳುತ್ತೆ. ಅದರಲ್ಲಿ ನನಗೆ ಸಂಶಯ ಇಲ್ಲ."

ಅವನು ಚುಚ್ಚಲು ಹೇಳಲಿಲ್ಲ. ಅದಕ್ಕೇ ಅದು ಒಳಗೆ ಇಳಿಯಿತು. ಜೇಬಿನಲ್ಲಿದ್ದ ಫೋನಿನ ಮೇಲೆ ಕೈ ಹೋದದ್ದನ್ನು ಅವನು ನೋಡಿದ, ನಾನು ಕೈ ತೆಗೆದೆ. ಬಿಳಿ ಹಾಳೆಯೊಂದನ್ನು ಕೊಟ್ಟ, ಪೆನ್ಸಿಲ್ ಕೊಟ್ಟ. ನಲವತ್ತು ವರ್ಷದಿಂದ ಕೈಯಲ್ಲಿ ಭಾಗಾಕಾರ ಮಾಡಿದವನಲ್ಲ ನಾನು. 1327ರದು ಹೇಗೋ ಮುಗಿಯಿತು. 2741ಕ್ಕೆ ಬರುವಷ್ಟರಲ್ಲಿ ಬೆನ್ನು ಬೆವೆತಿತ್ತು. ಮೀಸೆಯ ಡ್ರೈವರ್ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಅವನ ಹಿಂದೆ ಇನ್ನೊಬ್ಬ. ನನ್ನ ಗಾಡಿ ಇನ್ನೂ ಹಾಸಿನ ಮೇಲೇ ಇತ್ತು, ಅದರ ಹಿಂದೆ ಮೂರು ಲಾರಿ. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮೂವತ್ತೇಳರಿಂದ ಭಾಗಿಸಿದೆ. ಹದಿಮೂರು ಮಿಕ್ಕಿತು. ಬರೆದು ಮೂವತ್ತೊಂಬತ್ತಕ್ಕೆ ಹೋದೆ, ಅದು ಬೇಡವೆಂದು ನೆನಪಾಗಿ ನಲವತ್ತೊಂದಕ್ಕೆ ಹೋಗಲು ಪೆನ್ಸಿಲ್ ಎತ್ತಿದೆ.

"ಮೂವತ್ತೇಳರ ಹತ್ರ ಕಳೆಯೋದು ತಪ್ಪಿದೆ ಸಾಹುಕಾರ್ರೇ" ಎಂದ ಶೇಷಣ್ಣ. "ನೂರ ಐವತ್ತೊಂದರಲ್ಲಿ ನೂರ ನಲವತ್ತೆಂಟು ಹೋದ್ರೆ ಮೂರು."

ತಪ್ಪು ಬಿದ್ದು ಅರ್ಧ ನಿಮಿಷವೂ ಆಗಿರಲಿಲ್ಲ. ಅಷ್ಟು ಹೊತ್ತನ್ನೂ ಅವನು ಸುಮ್ಮನೆ ಕಳೆಯಲಿಲ್ಲ, ನಾನು ಬರೆದು ಮುಗಿಸಲಿ ಎಂದು ಕಾದಿದ್ದ, ಅಷ್ಟೇ. ಬಾಗಿಲಲ್ಲಿದ್ದವರು ನಕ್ಕಾರು ಎಂದು ತಲೆ ಬಗ್ಗಿಸಿಕೊಂಡೆ. ಶೇಷಣ್ಣ ರಬ್ಬರನ್ನು ನನ್ನ ಕಡೆ ಸರಿಸಿ, ಕಿಟಕಿಯಿಂದ ಕೈ ಚಾಚಿ, ಹಿಂದಿನ ಲಾರಿಗಳಿಗೆ ಇನ್ನೂ ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದ.

ನಾನು ಹದಿಮೂರನ್ನು ಉಜ್ಜಿ ಮೂರು ಎಂದು ಬರೆದೆ. ಇನ್ನೂ ಮೂರು ಭಾಗಾಕಾರ ಬಾಕಿಯಿತ್ತು.